ಅದೃಷ್ಟ ಅಂತ ತಳ್ಳಿಹಾಕುವ ಮೊದಲು ಸ್ಲೈಫರ್ ಪಂದ್ಯ ನೋಡಿ

ಕಾರ್ಡ್ ಆಟದ ಸುತ್ತ ಹೆಣೆದ ಜಪಾನಿ ಕಾರ್ಟೂನ್ ಸರಣಿ 'ಯು-ಗಿ-ಓ!'ದಲ್ಲಿ ತಂತ್ರವೇ ಇಲ್ಲ, ನಾಯಕ ಯುಗಿ ಪ್ರತಿ ಸಲ ಬೇಕಾದ ಕಾರ್ಡ್ ಎಳೆದು ಗೆಲ್ಲುತ್ತಾನೆ ಅಂತ ಬರೆದಿದ್ದೀರಿ. ಶುರುವಿನ ಪಂದ್ಯಾವಳಿ ಡ್ಯುಯೆಲಿಸ್ಟ್ ಕಿಂಗ್‌ಡಮ್ ಮಟ್ಟಿಗೆ ಸ್ವಲ್ಪ ಒಪ್ಪುತ್ತೇನೆ. ಕಲ್ಲಿನ ಸೈನಿಕನ ಕೈಲಿ ಚಂದ್ರನನ್ನೇ ಒಡೆಸಿ ಸಮುದ್ರದ ನೀರು ಇಳಿಸುವುದು ಯಾವ ಕಾರ್ಡ್ ಆಟದ ನಿಯಮ? ಆದರೆ ಮುಂದಿನ ಪಂದ್ಯಾವಳಿ ಬ್ಯಾಟಲ್ ಸಿಟಿಗೆ ಬಂದ ಮೇಲೆ ನಿಯಮ ಬಿಗಿಯಾಯಿತು, ಲೈಫ್ ಪಾಯಿಂಟ್ (ಸೊನ್ನೆಯಾದರೆ ಸೋಲು) 2000ದಿಂದ 4000ಕ್ಕೆ ಏರಿತು, ದೊಡ್ಡ ಮಾನ್‌ಸ್ಟರ್ ಬೇಕಾದರೆ ಚಿಕ್ಕದನ್ನು ಬಲಿ ಕೊಡಬೇಕಾಯಿತು.

ಅಲ್ಲಿನ ಸ್ಲೈಫರ್ ಪಂದ್ಯ ನೋಡಿ. ಖಳನಾಯಕ ಮಾರಿಕ್ ಗೊಂಬೆಯಂತೆ ಆಡಿಸುವ ಆಳು ಯುಗಿಯ ಎದುರು ಸ್ಲೈಫರ್ ಎಂಬ ದೈವಶಕ್ತಿಯ ಡ್ರ್ಯಾಗನ್ ಕಾರ್ಡ್ ಇಳಿಸುತ್ತಾನೆ. ಅವನ ಕೈಯಲ್ಲಿರುವ ಒಂದೊಂದು ಕಾರ್ಡಿಗೂ ಅದಕ್ಕೆ 1000 ಬಲ. ಎಷ್ಟು ಕಾರ್ಡ್ ಬೇಕಾದರೂ ಇಟ್ಟುಕೊಳ್ಳಬಹುದು, ಸತ್ತರೂ ಮತ್ತೆ ಏಳುವ ರಿವೈವಲ್ ಜ್ಯಾಮ್ ಎಂಬ ಮಾನ್‌ಸ್ಟರ್ ಜೊತೆಗಿದೆ, ಅದು ಎದ್ದಾಗಲೆಲ್ಲ ಇನ್ನೂ 3 ಕಾರ್ಡ್ ಸಿಗುತ್ತದೆ. ಸೋಲಿಸುವುದಕ್ಕೆ ದಾರಿಯೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಯುಗಿ ಬ್ರೈನ್ ಕಂಟ್ರೋಲ್ ಕಾರ್ಡ್ ಹಾಕಿ ಆ ಜ್ಯಾಮನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಅಷ್ಟೇ. ಎದುರು ಕಡೆ ಹೊಸದಾಗಿ ಯಾವುದು ಬಂದರೂ ಸ್ಲೈಫರ್ ತಾನಾಗಿಯೇ ಹೊಡೆಯುತ್ತದೆ, ಜ್ಯಾಮ್ ಮತ್ತೆ ಏಳುತ್ತದೆ, ಆ ಆಳು ಮತ್ತೆ 3 ಎಳೆಯಲೇಬೇಕು, ಹೀಗೇ ಸುತ್ತಿ ಸುತ್ತಿ ಅವನ ಡೆಕ್ (ಕಾರ್ಡ್ ಕಟ್ಟು) ಖಾಲಿಯಾಗುತ್ತದೆ, ಎಳೆಯಲು ಕಾರ್ಡ್ ಇಲ್ಲದೆ ಸೋಲುತ್ತಾನೆ. ಇಲ್ಲಿ ಅದೃಷ್ಟ ಎಲ್ಲಿದೆ ಹೇಳಿ.

ಇನ್ನು ಕಥೆಯೇ ಬೇರೆ, ಆಟವೇ ಬೇರೆ ಅಂದಿರಿ. ಯುಗಿಯ ಇನ್ನೊಬ್ಬ ಎದುರಾಳಿ ಪೆಗಾಸಸ್ ತನ್ನೆದುರು ಆಡುವವನ ಮನಸ್ಸು ಓದುತ್ತಾನೆ. ಅದಕ್ಕೇ ಯುಗಿ ಕಾರ್ಡ್ ಮುಚ್ಚಿಟ್ಟು, ತನ್ನೊಳಗಿರುವ ಫೇರೋಗೆ (ಪ್ರಾಚೀನ ಈಜಿಪ್ಟ್ ರಾಜನ ಆತ್ಮ) ಜಾಗ ಬಿಟ್ಟುಕೊಡುತ್ತಾನೆ. ಆ ಕಾರ್ಡ್ ಯಾವುದು ಅಂತ ಫೇರೋಗೂ ಗೊತ್ತಿರುವುದಿಲ್ಲ. ಒಂದು ದೇಹದಲ್ಲಿ ಇಬ್ಬರು ಅನ್ನುವ ಕಥೆ ಇಲ್ಲದಿದ್ದರೆ ಆ ತಂತ್ರ ಹುಟ್ಟುತ್ತಲೇ ಇರಲಿಲ್ಲ.