ನಮ್ಮೂರ ಸುತ್ತ ಅಡಿಕೆ ತೋಟ

ಪದವಿ ಕಾಲೇಜುಗಳಲ್ಲಿ ಈಗ ಅಸೈನ್‌ಮೆಂಟ್ ಸೀಸನ್. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿಬಂದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಜೆರಾಕ್ಸ್ ಅಂಗಡಿ ಮುಂದೆ ಕಾಲಿಡಲು ಜಾಗ ಇಲ್ಲ. ಒಬ್ಬ ಬರೆದದ್ದು ಇಡೀ ಕ್ಲಾಸಿನ ಕೈಗೆ ಹೋಗುತ್ತದೆ. ಆ ಒಬ್ಬನೂ ಸ್ವಂತ ಬರೆದದ್ದಲ್ಲ, ಹೋದ ವರ್ಷದ ಸೀನಿಯರ್‌ದು. ಸೀನಿಯರ್ ಯಾರದ್ದು ನೋಡಿ ಬರೆದಿದ್ದ ಅನ್ನೋದು ಒಳ್ಳೆಯ ಸಂಶೋಧನಾ ವಿಷಯ. ಯಾರಾದರೂ ಪಿಎಚ್‌ಡಿ ಮಾಡಬಹುದು.

ಕನ್ನಡ ಪಾಠ ಮಾಡುವ ಗೆಳೆಯರೊಬ್ಬರ ಮನೆಯಲ್ಲಿ ಇಂಥ ಒಂದು ಕಟ್ಟು ಬಿದ್ದಿತ್ತು. ವಿಷಯ, ‘ನಮ್ಮೂರು’. ಸುಮ್ನೆ ಕೈಗೆತ್ತಿಕೊಂಡೆ. ಆಳಂದ ಕಡೆಯ ಹುಡುಗನ ಊರಿನ ಸುತ್ತ ಅಡಿಕೆ ತೋಟ. ಜೇವರ್ಗಿಯ ಹುಡುಗಿ ಬೆಳಗ್ಗೆ ಎದ್ದರೆ ಮಂಜು ಮುಸುಕಿದ ಬೆಟ್ಟ, ತೆಂಗಿನ ಗರಿಗಳ ನಡುವೆ ಕೋಗಿಲೆ. ಅಫಜಲಪುರದವನ ಮನೆ ಹಿಂದೆ ಹೊಳೆ, ಅದೂ ಜುಳುಜುಳು. ಎಂಥ ಜಿಲ್ಲೆ ನಮ್ಮದು! ಇಷ್ಟು ದಿನ ಇಲ್ಲಿದ್ದೂ ನಾನು ನೋಡಿರಲೇ ಇಲ್ಲ. ಬೇಸಿಗೆಯಲ್ಲಿ 44 ಡಿಗ್ರಿ ಮುಟ್ಟುವ ಊರಲ್ಲಿ ಮಂಜು ಎಲ್ಲಿಂದ ಬಂತು? ಗೈಡಿನಿಂದ ಬಂತು. ಗೈಡ್ ಬರೆದವನು ಬೀದರ್ ರೈಲು ಹತ್ತಿದವನಲ್ಲ. ಇಲ್ಲಿ ಹೊಲದ ತುಂಬ ಇರುವುದು ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಈ ನೆಲಕ್ಕೂ ಆ ಬೇಳೆಗೂ ನಂಟಿದೆ ಅಂತ ಟ್ಯಾಗ್ ಕೊಡುವ ಚೆನ್ನೈನ ಕಚೇರಿ ಒಪ್ಪಿಕೊಂಡಿದೆ. ನಮ್ಮ ಗೈಡ್ ಇನ್ನೂ ಒಪ್ಪಿಲ್ಲ.

‘ಇವನ್ನೆಲ್ಲ ಓದಿದ್ರೇನ್ರಿ ಸರ?’ ಅಂತ ಕೇಳಿದೆ.

‘ಓದ್ಲಿಕ್ಕೆ ಕುಂತ್ರ ಮುಗೀತದೇನ್ರಿ? ಹಾಳಿ ಎಷ್ಟದಾವ ನೋಡ್ತೀನಿ, ಅಷ್ಟ.’

ಕಟ್ಟಿನಲ್ಲಿ ಒಂದು ಮಾತ್ರ ಬೇರೆ ಥರ ಇತ್ತು. ಊರಿಗೆ ಸಂಜೆ ಬಸ್ಸು ಒಂದೇ, ಅದು ತಪ್ಪಿದರೆ ಕ್ರೂಸರ್‌ನಲ್ಲಿ ಜೋತಾಡಿಕೊಂಡು ಹೋಗಬೇಕು ಅಂತ ಶುರು. ರಾಶಿ ಮುಗಿದ ಮೇಲೆ ಅಪ್ಪ ಅವ್ವ ಪುಣೆಗೆ ದುಡಿಯಲು ಹೋಗುತ್ತಾರೆ, ಆಗ ಓಣಿಯಲ್ಲಿ ಮುದುಕರು ಮತ್ತು ನಾಯಿಗಳು ಮಾತ್ರ ಇರುತ್ತಾರೆ ಅಂತ ಆ ಹುಡುಗಿ ಬರೆದಿದ್ದಳು. ಇಡೀ ಕಟ್ಟಿನಲ್ಲಿ ಕಡಿಮೆ ಮಾರ್ಕ್ಸ್ ಅವಳಿಗೇ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ, ‘ಪೀಠಿಕೆ ಇಲ್ಲ’.

ಪೀಠಿಕೆ ಅಂದರೆ ಗೊತ್ತಲ್ಲ? ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರುವಾಗಬೇಕು. ಕೊನೆಗೆ ‘ಒಟ್ಟಿನಲ್ಲಿ ಹೇಳುವುದಾದರೆ’ ಬರಬೇಕು. ನಡುವೆ ಏನಾದರೂ ಇರಬಹುದು. ಮೊಬೈಲ್ ವರವೋ ಶಾಪವೋ ಅಂದರೆ ಎರಡೂ ಹೌದು. ಟಿವಿಯೂ ಎರಡೂ ಹೌದು. ವಿಜ್ಞಾನ, ಜಾಹೀರಾತು, ಹಾಸ್ಟೆಲ್ ಜೀವನ, ಯಾವುದಕ್ಕೂ ಈ ನಾಡಿನಲ್ಲಿ ಒಂದೇ ಉತ್ತರ ಕೊಟ್ಟು ಪಾಸಾದವರಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ‘ವಿಮರ್ಶಿಸಿ’ ಅಂತಿದ್ದರೆ ಹೆದರಬೇಡಿ. ಕವಿ ಪರಿಚಯ, ಸಾರಾಂಶ, ಕೊನೆಗೆ ಕವಿತೆ ಅದ್ಭುತ ಅಂತ ಒಂದು ಸಾಲು. ಕವಿತೆ ನನಗೆ ಹಿಡಿಸಲಿಲ್ಲ, ಕಾರಣ ಇಂಥದ್ದು ಅಂತ ಬರೆಯುವ ಧೈರ್ಯ ಯಾರಿಗೂ ಇಲ್ಲ. ಅದಕ್ಕೆ ಕವಿತೆ ಓದಬೇಕಲ್ವಾ?

ಇದೆಲ್ಲ ನಡೆಯುತ್ತಿರುವ ಜಾಗ ನೋಡಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’. ಕಾಲ 9ನೇ ಶತಮಾನ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನ, ರಾಜಧಾನಿ ಮಾನ್ಯಖೇಟ. ಅಂದರೆ ಇದೇ ನಮ್ಮ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ದಂಡೆಯಲ್ಲಿ ಪಾಳು ಕೋಟೆ ಈಗಲೂ ಇದೆ. ಆ ಪುಸ್ತಕ ಕಥೆಯಲ್ಲ, ಪುರಾಣವೂ ಅಲ್ಲ. ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಅಂತ ಹೇಳುವ ಪುಸ್ತಕ. ಮೊದಲ ಭಾಗವೇ ಬರವಣಿಗೆಯ ದೋಷಗಳ ಬಗ್ಗೆ. ಈ ನಾಡಿನ ಜನ ‘ಕುರಿತೋದದೆಯುಂ’, ಅಂದರೆ ಪಟ್ಟಾಗಿ ಕೂತು ಓದದೆಯೂ, ಕಾವ್ಯದಲ್ಲಿ ಪಳಗಿದವರು ಅಂತ ಅದರಲ್ಲೇ ಹೊಗಳಿದ್ದಾರೆ. ನಮ್ಮವರು ಈ ಹೊಗಳಿಕೆಯ ಅರ್ಧ ಭಾಗವನ್ನು ಶ್ರದ್ಧೆಯಿಂದ ಉಳಿಸಿಕೊಂಡಿದ್ದಾರೆ.

ಕಾಪಿ ಹೊಡೆಯುವುದಕ್ಕೆ ಕಾನೂನಿಲ್ಲವೇ ಅನ್ನುತ್ತೀರಿ. ಇದೆ. ವಿಶ್ವವಿದ್ಯಾಲಯಗಳ ಮೇಲಿನ ಯುಜಿಸಿ (ಅನುದಾನ ಆಯೋಗ) 2018ರಲ್ಲೇ ನಿಯಮ ಮಾಡಿದೆ. ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. ಶೇ 40 ದಾಟದಿದ್ದರೆ ತಿದ್ದಿ ತಂದುಕೊಡಿ. ಶೇ 60 ದಾಟಿದರೆ ಸಂಶೋಧನಾ ವಿದ್ಯಾರ್ಥಿಯ ನೋಂದಣಿಯೇ ರದ್ದು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದೇ ನಿಯಮದ ವ್ಯಾಖ್ಯಾನದ ಭಾಗವನ್ನು ಸಾವಕಾಶ ಓದಿ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರ ಪತ್ರಿಕೆ, ಇವ್ಯಾವುವೂ ಇದರಡಿ ಬರುವುದಿಲ್ಲ! ಬಿ.ಎ. ಮೂರೂ ವರ್ಷ ಕದಿಯಲು ಕಲಿಯಿರಿ, ಪಿಎಚ್‌ಡಿಗೆ ಬಂದ ದಿನದಿಂದ ಪ್ರಾಮಾಣಿಕರಾಗಿ. ಈಗ ಮೊಬೈಲಿನ ಎಐ ಬೇರೆ ಬಂದಿದೆ. ಗುರುಗಳೇ ಬೆಚ್ಚಿಬಿದ್ದಿದ್ದಾರೆ. ಯಾಕೋ ಗೊತ್ತಾಗುವುದಿಲ್ಲ. ಓದದೆ ಬರೆಯುವ ಯಂತ್ರಗಳನ್ನು ನಾವು ವರ್ಷಾನುಗಟ್ಟಲೆ ತಯಾರಿಸಿ ಪದವಿ ಕೊಟ್ಟು ಕಳಿಸುತ್ತಲೇ ಇದ್ದೆವಲ್ಲ.

ಇದರ ಬೇರು ಹೈಸ್ಕೂಲಿನಲ್ಲೇ ಇದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯಕ್ಕೇ ಕೊನೆ. ಅದರ ಹಿಂದಿನ ವರ್ಷ ಪಕ್ಕದ ಯಾದಗಿರಿ ಕೊನೆ. ಕೊನೆಯ ಜಾಗ ನಮ್ಮ ಮನೆಯೊಳಗೇ ಓಡಾಡಿಕೊಂಡಿದೆ. ಇದಕ್ಕೆ ನಮ್ಮ ಮದ್ದು ‘ಪಾಸಿಂಗ್ ಪ್ಯಾಕೇಜ್’. ಇಷ್ಟು ಪ್ರಶ್ನೆ, ಇಷ್ಟು ಉತ್ತರ, ಬಾಯಿಪಾಠ ಮಾಡು, ಪಾಸಾಗು. ಓದಲು ಬರದವರಿಗೆ ಇನ್ನೂ ಕಡಿಮೆ ಓದು!

ನನಗೆ ಹುಡುಗರನ್ನು ಬೈಯಲು ಮನಸ್ಸಿಲ್ಲ. ಮಾರ್ಕ್ಸ್ ಎಲ್ಲಿ ಸಿಗುತ್ತದೆ ಅಂತ ಅವರು ಸರಿಯಾಗಿಯೇ ಓದಿಕೊಂಡಿದ್ದಾರೆ. ನನ್ನ ಗೆಳೆಯರನ್ನೂ ಬೈಯಲಾರೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. ಇವರೂ ಅವರಲ್ಲೊಬ್ಬರು. ವರ್ಷಗಟ್ಟಲೆ ದುಡಿದರೂ ಇನ್ನೂ ಅತಿಥಿಯೇ. ಗೌರವಧನ ಯಾವಾಗ ಬರುತ್ತದೋ ಗೊತ್ತಿಲ್ಲ, ಮುಂದಿನ ವರ್ಷ ಕೆಲಸ ಇರುತ್ತದೋ ಅದೂ ಗೊತ್ತಿಲ್ಲ. ಅಂಥವರ ಮುಂದೆ ಇನ್ನೂರು ಪ್ರಬಂಧ ಇಟ್ಟು ಒಂದೊಂದನ್ನೂ ಓದಿ, ತಿದ್ದಿ, ಮಕ್ಕಳ ಜೊತೆ ಕೂತು ಚರ್ಚಿಸಿ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು? ವಿಮರ್ಶಾತ್ಮಕ ಓದು ಬೆಳೆಯಬೇಕು ಅಂತ ವೇದಿಕೆ ಹತ್ತಿ ಮಾತಾಡುವ ಸಾಹೇಬರೇ, ಇವರ ಫೈಲು ನಿಮ್ಮ ಮೇಜಿನ ಮೇಲೇ ಇದೆ. ಮೊದಲು ಅದನ್ನು ಓದಿ. ಪೀಠಿಕೆ ಬೇಕಾಗಿಲ್ಲ.