ಉಣುಗು ನಾಯಿಯ ಮೈಮೇಲೆ ಮಾತ್ರ ಇರೋದಲ್ಲ

"ನಾಯಿ ಅಂದ್ಮೇಲೆ ಉಣುಗು ಇದ್ದೇ ಇರುತ್ತೆ ಬಿಡಿ" ಅನ್ನೋ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಆ ಹುಳ ರಕ್ತ ಹೀರುವಾಗಲೇ ಎರ್ಲಿಕಿಯಾ, ಬಬೇಸಿಯಾದಂಥ ರೋಗಾಣುಗಳನ್ನು ನಾಯಿಯ ಮೈಗೆ ಬಿಡುತ್ತದೆ. ನಾವೆಲ್ಲ ಟಿಕ್ ಫೀವರ್ ಅನ್ನೋದು ಇದಕ್ಕೇ. ನಾಯಿಗಳ ಜೀವ ತೆಗೆಯುವ ಕಾಯಿಲೆ ಇದು.

ನಮ್ಮ ಕಡೆ ನಾಯಿಗೆ ಹತ್ತುವುದು ಹೆಚ್ಚಾಗಿ ಕಂದು ಉಣುಗು. ಅದಕ್ಕೆ ಕಾಡು, ಪೊದೆ ಬೇಕಿಲ್ಲ. ಮನೆಯೊಳಗೇ ಸಂಸಾರ ಹೂಡುತ್ತದೆ. ರಕ್ತ ಕುಡಿದು ಊದಿಕೊಂಡ ಹೆಣ್ಣು ಉಣುಗು ಕೆಳಗೆ ಉದುರಿ, ಗೋಡೆಯ ಬಿರುಕಲ್ಲೋ ಬಾಗಿಲ ಸಂದಿಯಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಅದರ ಸಂತಾನ ತಿಂಗಳುಗಟ್ಟಲೆ ಹಸಿದುಕೊಂಡೇ ಕಾಯಬಲ್ಲದು. ಹಾಗಾಗಿ ನಾಯಿಗೆ ಒಂದು ಸಲ ಔಷಧಿ ಸ್ನಾನ ಮಾಡಿಸಿ ಸುಮ್ನಾದರೆ ಪ್ರಯೋಜನವಿಲ್ಲ. ಅದು ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು, ಬಿರುಕುಗಳನ್ನು ಮುಚ್ಚಿಸಬೇಕು.

ಉಣುಗು ತಡೆಯೋಕೆ ಮಾತ್ರೆ, ಸ್ಪಾಟ್ ಆನ್ (ಕುತ್ತಿಗೆಯ ಹಿಂದೆ ಚರ್ಮಕ್ಕೆ ಹನಿಸುವ ಔಷಧಿ), ಕಾಲರ್, ಯಾವುದಾದರೂ ಸರಿ. ನಾಯಿಯ ತೂಕ, ವಯಸ್ಸು ನೋಡಿ ಡಾಕ್ಟರ್ ಹೇಳಿದ್ದನ್ನು ವರ್ಷಪೂರ್ತಿ ಬಿಡದೆ ಕೊಡಿ. ನಾಯಿಗೆ ಫಿಟ್ಸ್ ಬರುತ್ತಿದ್ದರೆ ಮೊದಲೇ ತಿಳಿಸಿ, ಕೆಲವು ಮಾತ್ರೆಗಳು ಅದಕ್ಕೆ ಆಗಿಬರುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಹೇಳಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಅನ್ನೋ ಉಣುಗಿನ ಔಷಧಿ ಬೆಕ್ಕಿಗೆ ವಿಷ.

ಸಂಜೆ ವಾಕಿಂಗ್ ಮುಗಿಸಿ ಬಂದಮೇಲೆ ಮೈ ಸವರಿ ನೋಡಿ. ಕಿವಿಯ ಒಳಮಡಿಕೆ, ಬೆರಳ ಸಂದಿ, ಬಾಲದ ಬುಡ, ಕುತ್ತಿಗೆ ಪಟ್ಟಿಯ ಕೆಳಗೆ ಕೈಗೆ ಸಣ್ಣ ಕಾಳಿನಂತೆ ಸಿಗುತ್ತದೆ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಸುರಿಯೋದು, ಬೆಂಕಿಕಡ್ಡಿ ತಾಗಿಸೋದು, ಉಗುರಲ್ಲಿ ಹಿಸುಕೋದು ಖಂಡಿತ ಬೇಡ.

ನಾಯಿ ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ರಕ್ತಪರೀಕ್ಷೆ ಮಾಡಿಸಿ. ನಾಳೆ ನೋಡೋಣ ಅನ್ನಬೇಡಿ. ಎರ್ಲಿಕಿಯಾಗೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ನಾಲ್ಕು ದಿನಕ್ಕೆ ಬಾಲ ಅಲ್ಲಾಡಿಸಿತು ಅಂತ ಮಾತ್ರೆ ನಿಲ್ಲಿಸುವವರಿದ್ದಾರೆ, ದಯವಿಟ್ಟು ಕೋರ್ಸ್ ಮುಗಿಸಿ.

ಇನ್ನೊಂದು ಮಾತು. ಗೇಟಿನಾಚೆ ಮಲಗುವ ಬೀದಿನಾಯಿ ಮೈತುಂಬ ಉಣುಗು ಹೊತ್ತಿದ್ದರೆ ನಮ್ಮ ನಾಯಿಗೂ ಬಂದೇ ಬರುತ್ತದೆ, ಅಲ್ವಾ? ಅದನ್ನು ಓಡಿಸಿದರೆ ಪಕ್ಕದ ಬೀದಿಗೆ ಹೋಗುತ್ತದೆ, ಅಷ್ಟೇ. ಹತ್ತು ಮನೆಯವರು ಸ್ವಲ್ಪ ಸ್ವಲ್ಪ ದುಡ್ಡು ಹಾಕಿ, ಡಾಕ್ಟರನ್ನು ಕೇಳಿಕೊಂಡು ಅದಕ್ಕೂ ಮಾತ್ರೆ ಕೊಡಿಸಿ. ದಿನಾ ಅನ್ನ ಹಾಕುವ ಕೈಯಿಂದ ಕೊಟ್ಟರೆ ಅದು ತಿಂದೇ ತಿನ್ನುತ್ತದೆ.