ಮಗನನ್ನು ನೋಡಿಕೊಳ್ಳುವ ತಾಯಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಬೇಕು

ಅಂಗವೈಕಲ್ಯ ಇರುವ ಮಗುವನ್ನು ಮನೆಯಲ್ಲೇ ನೋಡಿಕೊಳ್ಳುವ ಅಪ್ಪ ಅಮ್ಮನಿಗೆ ಏನು ಬೇಕು ಅಂತ ಕೇಳಿದರೆ ಎಲ್ಲರೂ ಮೊದಲು ಪಿಂಚಣಿ ಅಂತಾರೆ. ಅದೂ ಬೇಕು, ಸರಿ. ಆದರೆ ನಮ್ಮ ಅಕ್ಕನನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ ಮೇಲೆ ಹೇಳ್ತೀನಿ, ಅವಳಿಗೆ ತುರ್ತಾಗಿ ಬೇಕಿರುವುದು ಮಗನನ್ನು ನಂಬಿ ಬಿಟ್ಟುಹೋಗಬಹುದಾದ ಒಬ್ಬ ಮನುಷ್ಯ. ವಾರದಲ್ಲಿ ಒಂದು ಮಧ್ಯಾಹ್ನವಾದರೂ.

ಅಕ್ಕ ಇರುವುದು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ. ಈಗ 16 ವರ್ಷ. ಮಾತು ಬರಲ್ಲ, ಆದರೆ ಎಲ್ಲಾ ಅರ್ಥ ಆಗುತ್ತೆ. ಊಟ ಮಾಡಿಸಲು ಒಂದೊಂದ್ಸಲ ಗಂಟೆ ಹಿಡಿಯುತ್ತೆ. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತೆ. ಚಿಕ್ಕವನಿದ್ದಾಗ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸುತ್ತಿದ್ದಳು. ಈಗ ಅವನು ಅವಳಷ್ಟೇ ಎತ್ತರ. ಅವಳ ಸೊಂಟ ಹೋಗಿದೆ. ಬೇರೆ ಮನೆಗಳಲ್ಲಿ ಮಕ್ಕಳು ಬೆಳೆದಂಗೆ ತಾಯಿಗೆ ಕೆಲಸ ಕಮ್ಮಿ ಆಗುತ್ತೆ. ಇಲ್ಲಿ ಮಗನ ತೂಕ ಏರುತ್ತೆ, ತಾಯಿಗೆ ವಯಸ್ಸಾಗುತ್ತೆ.

ನೆಂಟರು ಬರ್ತಾರೆ. "ನೀನು ದೇವರಂಥವಳು ಕಣಮ್ಮ" ಅಂತಾರೆ, ಟೀ ಕುಡಿದು ಹೋಗ್ತಾರೆ. "ನಾನು ಇವನ ಹತ್ರ ಇರ್ತೀನಿ, ನೀನು ಮದುವೆಗೆ ಹೋಗಿ ಬಾ" ಅಂದವರು ತೀರಾ ಕಮ್ಮಿ. ಫಿಟ್ಸ್ ಬಂದರೆ ಏನು ಮಾಡೋದು ಅನ್ನೋ ಭಯ ಅವರಿಗೆ. ಭಯ ಸಹಜ, ಆದರೆ ಅದು ಕಲಿತುಕೊಳ್ಳಬಹುದಾದ ವಿಷಯ ಅಲ್ವಾ? ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಕೈಗೆ ಕಬ್ಬಿಣ ಕೊಡೋದರಿಂದ ಏನೂ ಆಗಲ್ಲ. ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇಷ್ಟನ್ನು ಪಕ್ಕದ ಮನೆಯವರಿಗೆ ಒಂದೇ ದಿನದಲ್ಲಿ ಹೇಳಿಕೊಡಬಹುದು.

ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಅಂಗವಿಕಲರ ಪುನರ್ವಸತಿ ಕೇಂದ್ರ ಇದೆ, ಥೆರಪಿಗೆ ಅಲ್ಲಿಗೆ ಹೋಗಬಹುದು. ಆದರೆ ಹಳ್ಳಿಯಿಂದ 16 ವರ್ಷದ ಹುಡುಗನನ್ನು ಬಸ್ಸಿನ ಮೆಟ್ಟಿಲು ಹತ್ತಿಸಿ ಇಳಿಸಿ ಕರೆದುಕೊಂಡು ಹೋಗುವುದಕ್ಕೂ ಇನ್ನೊಬ್ಬರು ಬೇಕೇ ಬೇಕು. ಭಾವ ಬಂದರೆ ಅವತ್ತಿನ ಕೂಲಿ ಹೋಯ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂನಲ್ಲಿ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಅಂತ ಸ್ಪಷ್ಟವಾಗಿ ಇದೆ. ನೋಡಿಕೊಳ್ಳುವುದೂ ಒಂದು ದುಡಿಮೆ ಅಂತ ಕಾನೂನು ಒಪ್ಪಿದೆ. ನಮ್ಮ ಮನೆಗಳು ಇನ್ನೂ ಒಪ್ಪಿಲ್ಲ. "ಅವಳು ಮನೇಲೇ ಇರ್ತಾಳೆ" ಅಂತಲೇ ಹೇಳ್ತಾರೆ.

ಇನ್ನೊಂದು ವಿಷಯ, ಬಹಳ ಜನರಿಗೆ ಗೊತ್ತಿರಲ್ಲ. ಮಗುವಿಗೆ 18 ತುಂಬಿದ ದಿನದಿಂದ ಅಪ್ಪ ಅಮ್ಮ ಕಾನೂನಿನ ಪ್ರಕಾರ ಪೋಷಕರಲ್ಲ, ಅಂದರೆ ಗಾರ್ಡಿಯನ್ ಅಲ್ಲ. ಬ್ಯಾಂಕಿನಲ್ಲಿ, ಆಸ್ತಿ ಪತ್ರದಲ್ಲಿ ಸಹಿ ಯಾರದು ಅನ್ನೋ ತಕರಾರು ಆಗ ಶುರುವಾಗುತ್ತೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿ ಇದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಸಿಗುತ್ತೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ. ಅಕ್ಕನಿಗೆ ಇದನ್ನು ಹೇಳಿದ್ದು ಯಾವ ಕಚೇರಿಯೂ ಅಲ್ಲ, ಥೆರಪಿಗೆ ಹೋದಾಗ ಪಕ್ಕ ಕೂತಿದ್ದ ಇನ್ನೊಬ್ಬ ತಾಯಿ. ಇಂಥ ತಾಯಂದಿರು ಒಟ್ಟಿಗೆ ಕೂರುವ ಜಾಗ ಊರೂರಲ್ಲಿ ಬೇಕು ಅಂತ ನಾನು ಹೇಳುವುದು ಅದಕ್ಕೇ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗ್ರಾಮ ಪಂಚಾಯ್ತಿಗಳಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಅವರೂ ಅಂಗವಿಕಲರೇ, ಯಾವ ಮನೆಯಲ್ಲಿ ಯಾವ ಮಗು ಇದೆ ಅಂತ ಅವರಿಗೆ ಗೊತ್ತು. ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಶೇ. 5ರಷ್ಟು ಅಂಗವಿಕಲರಿಗೆ ಮೀಸಲಿಡಬೇಕು. ಆ ಹಣದಲ್ಲಿ ಊರಿನ ಇಬ್ಬರು ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಗೌರವಧನ ಕೊಟ್ಟು, ವಾರಕ್ಕೊಂದು ಮಧ್ಯಾಹ್ನ ಇಂಥ ಮನೆಗಳಿಗೆ ಕಳಿಸಲಿ. ತಾಯಿ ಮಲಗಲಿ, ಸಂತೆಗೆ ಹೋಗಲಿ, ತನ್ನ ಸೊಂಟ ತೋರಿಸಿಕೊಂಡು ಬರಲಿ. ಏನು ಮಾಡಿದಳು ಅಂತ ಯಾರಿಗೂ ಲೆಕ್ಕ ಕೊಡಬೇಕಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಆ ಶೇ. 5ರ ಹಣ ಈ ವರ್ಷ ಎಷ್ಟು, ಯಾವುದಕ್ಕೆ ಖರ್ಚಾಯ್ತು ಅಂತ ಕೇಳಿ. ಬರೀ ಬಾಯಲ್ಲಿ ಬೇಡ, ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಇಂಥ ಮಕ್ಕಳ ಅಪ್ಪ ಅಮ್ಮನಿಗೆ ಸಭೆಗೆ ಬರಲು ಪುರುಸೊತ್ತಿರಲ್ಲ, ಅವರ ಪರವಾಗಿ ನೀವು ಕೇಳಿ.